ಈ ಮೂರು ತಿಂಗಳ ಲಾಭ

೧೯೯೭ರ ಆ ಬೆಳಿಗ್ಗೆ, ಕಂಪನಿಯಿಂದ ಬಂದ ಮೂರು ತಿಂಗಳ ಫಲಿತಾಂಶದಲ್ಲಿ ಮೊದಲ ಸಲ ನಷ್ಟದ ಅಂಕಿ ಕಂಡು ಬಾಳಾಸಾಬ ಹಾಳೆಯನ್ನು ಮತ್ತೊಮ್ಮೆ ಓದಿದ. ಸಣ್ಣ ಉದ್ದಿಮೆಗಳಿಗೆ ಬಂಡವಾಳ ಹಾಕುವ ಆ ಕಂಪನಿಗೆ ಸದಲಗಾದಲ್ಲಿ ಅವನೇ ಏಜೆಂಟ. ಎದುರಿಗೆ ಹಾಲು ಮಾರುವ ಸಾವಕ್ಕ, ಎಮ್ಮೆ ಮಾರಿ ಬಂದ ಎಂಟು ಸಾವಿರ ಹಿಡಿದು ಕೂತಿದ್ದಳು. ಎರಡು ವರ್ಷದಿಂದ ಅವಳಿಗೆ ಲಾಭದ ಅಂಕಿಗಳನ್ನು ಹಿಗ್ಗಿನಿಂದ ಓದಿ ಹೇಳುತ್ತ ಬಂದವನೂ ಅವನೇ.

"ಈ ಸಲ ರೊಕ್ಕ ಹಾಕಬ್ಯಾಡ ಸಾವಕ್ಕಾ. ಕಂಪನಿ ಮುಳಗಾಕತ್ತೈತಿ. ಮೊದಲ ಹಾಕಿದ್ದೂ ಬರೂದು ಕಷ್ಟ," ಎಂದ ಬಾಳಾಸಾಬ, ತಲೆ ಎತ್ತದೆ.

ಸಾವಕ್ಕ ನಕ್ಕುಬಿಟ್ಟಳು. "ದೊಡ್ಡ ಮಂದಿ ರೊಕ್ಕ ಬಂದಿರಬೇಕು. ಅದಕ್ಕ ನಮ್ಮಂಥವರ ಸಣ್ಣ ರೊಕ್ಕ ಬ್ಯಾಡಾಗೈತಿ ನಿಮಗ. ಹೌದಲ್ರಿ?"

ಅವನು ಹಾಳೆಯನ್ನು ಅವಳ ಮುಂದೆ ಹಿಡಿದು, ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದ. ಅವಳಿಗೆ ಓದು ಬಾರದು. ನಗು ಮಾಯವಾಗಿ, ರೊಕ್ಕವನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು. "ಇರ್ಲಿ ಬಿಡ್ರಿ. ನಿಮ್ಮ ಕಂಪನೀದ ಚಿಕ್ಕೋಡಿ ಏಜೆಂಟರು ಒಲ್ಲೆ ಅನ್ನಂಗಿಲ್ಲ."

ಬಾಳಾಸಾಬ ಕೂಗುತ್ತ, ಬರಿಗಾಲಲ್ಲೇ ಬಸ್ ಸ್ಟ್ಯಾಂಡಿನತನಕ ಓಡಿದ. ಚಿಕ್ಕೋಡಿ ಬಸ್ಸು ಆಗಲೇ ಹೊರಟಿತ್ತು. ಕಿಟಕಿಯಲ್ಲಿ ಕೂತಿದ್ದ ಸಾವಕ್ಕ ಅವನನ್ನು ಕಂಡು, ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದು ಮುಖ ತಿರುವಿಕೊಂಡಳು.