ಪೇಪರ್ ಹಂಚುವವನ ಮುಖ

"ಅಣ್ಣಾ, ಈ ಚಿತ್ರದಲ್ಲಿರೋ ಪುಣ್ಯಾತ್ಮ ಈಗಷ್ಟೇ ಬೀದೀಲಿ ನನ್ನೆದುರಿಗೇ ಬಂದ್ರು," ಎಂದು ಪೇಪರ್ ಹಂಚುವವನ ಹೆಂಡತಿ ಆ ದಿನದ ಪತ್ರಿಕೆಯನ್ನು ಅಚ್ಚಿನ ಮೊಳೆ ಜೋಡಿಸುವ ಮುದುಕನ ಮುಂದೆ ಹರವಿದಳು. ನಿಧನ ವಾರ್ತೆಯಲ್ಲಿ ಹೆಸರು ಅವಳ ಗಂಡನದು. ಮೇಲಿದ್ದ ಚಿತ್ರ ಇನ್ನಾರದೋ.

ಹಿಂದೊಮ್ಮೆ ಪತ್ರಿಕೆಯ ಬೆಳ್ಳಿಹಬ್ಬಕ್ಕೆಂದು ಮಾಡಿಸಿದ್ದ ಕೆಲಸಗಾರರ ಚಿತ್ರದ ಬ್ಲಾಕುಗಳಲ್ಲಿ, ಯಾರೋ ಹೇಳಿದ್ದ ಬೋಳುತಲೆ, ದಪ್ಪ ಮೀಸೆ ಕಂಡು ಇದೇ ಇರಬೇಕೆಂದು ತೆಗೆದವನು ಆ ಮುದುಕನೇ. "ಕೈತಪ್ಪಾಯ್ತಮ್ಮ. ನಾಳೆ ಸರಿಯಾದ್ದು ಹಾಕ್ತೀವಿ."

"ಮೂವತ್ತು ವರ್ಷ ದಿನಾ ಬೆಳಿಗ್ಗೆ ನಿಮ್ಮ ಕೈಯಿಂದಲೇ ಪೇಪರ್ ಕಟ್ಟು ಇಸ್ಕೊಂಡ್ರಲ್ಲಣ್ಣ." ಅವಳ ದನಿ ಏರಲಿಲ್ಲ. "ನಿಮಗೂ ಗುರುತು ಸಿಗಲಿಲ್ವಾ?"

ಮುದುಕ ನೆನಪು ಮಾಡಿಕೊಳ್ಳಲು ನೋಡಿದ. ಕಿಟಕಿಯಿಂದ ಒಳಗೆ ಚಾಚುತ್ತಿದ್ದ ಎರಡು ಕೈ ಕಣ್ಣಿಗೆ ಕಟ್ಟಿದವು. "ಬಂದೆ ಅಣ್ಣಾ" ಎನ್ನುತ್ತಿದ್ದ ದನಿಯೂ ಕೇಳಿಸಿತು. ಮುಖ ಮಾತ್ರ ಬರಲಿಲ್ಲ. ಕಟ್ಟು ಕೊಡುವಾಗ ತಾನು ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.