ಗೋಡೆಯಾಚೆಯ ಸಿಳ್ಳು

ಸೋಲ್ಡರ್ ಹಾಕುವಾಗ ಏಳುವ ರಾಳದ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಬಳಗಾನೂರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ದಿನಾ ಬಸ್ಸಿನಲ್ಲಿ ಸಿಂಧನೂರಿನ ಅಂಗಡಿಗೆ ಹೋಗಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಇಬ್ಬರೂ ಕೂಡಿ ನನಗೊಂದು ರೇಡಿಯೋ ಕಟ್ಟಿದ್ದೆವು. "ಇದರಾಗ ಆಸಿಲೇಟರ್ ಅಂತ ಐತಿ ಯವ್ವಾ. ಟ್ರಾನ್ಸಿಸ್ಟರ್ ತನ್ನ ದನಿಯಾಗಿನ ಒಂದು ಚೂರು ತಾನ ಮತ್ತ ಕೇಳ್ಕೊಂತ, ನಿಲ್ಲದಂಗ ಹಾಡತೈತಿ. ಕಾಯಿಲ್ಲು, ಕಂಡೆನ್ಸರ್ ಅದರ ಶ್ರುತಿ ಹಿಡಿತಾವ. ಬಾಜೂಕ ಇನ್ನೊಂದು ರೇಡಿಯೋ ಇದ್ರ ಅದರಾಗ ಸಿಳ್ಳು ಬರತೈತಿ, ಇದರ ಸ್ಟೇಷನ್ ತಿರುವಿದಂಗ ಏರತೈತಿ, ಇಳಿತೈತಿ," ಅಂದಿದ್ದ.

ಒಂದು ದಿನ ನನ್ನ ರೇಡಿಯೋ ಕಾಣಲಿಲ್ಲ. "ಅಂಗಡಿಗೆ ಒಯ್ದಿದ್ದೆ, ಬಸ್ಸಿನ್ಯಾಗ ಮರತು ಬಂದೀನಿ," ಅಂದ ಅಪ್ಪ. ನಾನೇ ಅಪ್ಪನನ್ನು ಸಮಾಧಾನ ಮಾಡಿದೆ.

ವಾರದ ಮೇಲೆ, ರಿಪೇರಿಗೆಂದು ಅಪ್ಪ ಮನೆಗೆ ತಂದಿದ್ದ ಯಾರದೋ ರೇಡಿಯೋಗೆ ಅಪ್ಪನ ಎದುರೇ ಹೊಸ ಸೆಲ್ ಹಾಕಿ, ಸ್ಟೇಷನ್ ಹುಡುಕುತ್ತ ಪಕ್ಕದಲ್ಲೇ ಇದ್ದ ಕಾಕಾನ, ಅಂದರೆ ಅಪ್ಪನ ತಮ್ಮನ, ಮನೆಗೂ ನಮಗೂ ನಡುವಿನ ಗೋಡೆಗೆ ಒರಗಿ ಕೂತೆ. ಸಿಳ್ಳು ಬಂತು. ನಾನು ಕೈ ತೆಗೆದ ಮೇಲೂ ಅದು ಏರಿತು, ಇಳಿಯಿತು. ಗೋಡೆಯಾಚೆ ಯಾರೋ ಸ್ಟೇಷನ್ ಹುಡುಕುತ್ತಿದ್ದರು. ಕಾಕಾನ ಮನೆಯಲ್ಲಿ ರೇಡಿಯೋ ಇರಲೇ ಇಲ್ಲ. ಮಗನಿಗೊಂದು ಕಟ್ಟಿಕೊಡು ಅಂತ ಅವನು ಅಪ್ಪನ ಬೆನ್ನು ಬಿದ್ದಿದ್ದ.

ನಾನು ಅಪ್ಪನ ಮುಖ ನೋಡಿದೆ. ಅವನ ಕೈಯಲ್ಲಿದ್ದ ಕಾದ ಸೋಲ್ಡರ್ ಕಡ್ಡಿಯ ತುದಿಯಲ್ಲಿ ರಾಳ ಸುಮ್ಮನೆ ಹೊಗೆಯಾಡುತ್ತಿತ್ತು. ಎದ್ದು ಬಂದು ರೇಡಿಯೋ ಆರಿಸಿದ.

"ಸೆಲ್ ಇಳದಾವ ಯವ್ವಾ," ಅಂದ. "ಅದಕ್ಕ ಸಿಳ್ಳು ಹೊಡ್ಯಾಕತ್ತೈತಿ."