ಗಾಜಿನೊಳಗಿನ ತೊಟ್ಟಿಲು

ನಮ್ಮೂರ ವಸ್ತುಸಂಗ್ರಹಾಲಯಕ್ಕೆ ಯಾರೂ ಏನನ್ನೂ ತಂದುಕೊಡುವುದಿಲ್ಲ. ಊರಿನಿಂದ ಮರೆಯಾಗಲಿರುವುದು ಬೆಳಗಾಗುವಷ್ಟರಲ್ಲಿ ತಾನೇ ಬಂದು ಗಾಜಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಲಾಳಿ ಬಂದ ವರ್ಷವೇ ಮಗ್ಗಗಳು ನಿಂತವು. ಬಾವಿಯ ರಾಟೆ ಬಂತು, ಬಾವಿಗಳು ಬತ್ತಿದವು. ಹೆಸರಿನ ಚೀಟಿ ಬರೆದು ಅಂಟಿಸುವುದಷ್ಟೇ ಮೇಲ್ವಿಚಾರಕಿ ಶಶಿಕಲಾಳ ಕೆಲಸ.

ಇಂದು ಕಸ ಗುಡಿಸುವ ಮಹಾಂತವ್ವ ಅವಳನ್ನು ಬಾಗಿಲಲ್ಲೇ ತಡೆದಳು.

"ತುಂಬಿದ ಬಸರಿ ನೀವು. ಇವತ್ತ ಒಳಗ ಬರಬ್ಯಾಡ್ರಿ ಅಕ್ಕಾರ."

"ಮತ್ತ ಚೀಟಿ ಯಾರ ಬರೀತಾರ? ದಾರಿ ಬಿಡ ಬೇ."

ಗಾಜಿನೊಳಗೆ ಮರದ ತೊಟ್ಟಿಲಿತ್ತು. ಸೀಮಂತದ ಹಸಿರು ಬಳೆಗಳನ್ನು ಹಿಂದೆ ಸರಿಸಿ ಶಶಿಕಲಾ 'ತೊಟ್ಟಿಲು' ಎಂದು ಬರೆದಳು. ಅದರ ಕೆಳಗೆ, ಪ್ರತಿ ಚೀಟಿಯಲ್ಲೂ ಬರೆಯುವಂತೆ, 'ಮಕ್ಕಳೇ, ಮುಟ್ಟಬೇಡಿ' ಎಂದೂ ಬರೆದಳು.

"ಅದನ್ನ ಯಾರ ಓದತಾರ್ರೀ ಅಕ್ಕಾರ?" ಮಹಾಂತವ್ವ ಮೆಲ್ಲಗೆ ಕೇಳಿದಳು.

ಶಶಿಕಲಾ ಒಂದು ಕೈಯಿಂದ ಹೊಟ್ಟೆ ಹಿಡಿದುಕೊಂಡು, ಇನ್ನೊಂದರಿಂದ ಆ ಸಾಲನ್ನು ಹೊಡೆದುಹಾಕಿದಳು.